ಉಮ್ಮನ ಬಿಳಿ ಸಂಪಿಗೆ ಮತ್ತು ಸಿದ್ದಾಪುರದ ನರ್ಸರಿ

ಕಳೆದ ವರ್ಷ ಫೆಬ್ರವರಿಯಲ್ಲಿ ನಮ್ಮ ಅಂಗಳದ ಬಿಳಿ ಸಂಪಿಗೆ ಮರಕ್ಕೆ ಕೆಂಪು ಬಣ್ಣದ ಒಂದು ಸಂಖ್ಯೆ ಬಿತ್ತು. ರಸ್ತೆ ಅಗಲ ಮಾಡಲು ಅಳತೆಗೆ ಬಂದವರು ಬರೆದು ಹೋದ ಸಂಖ್ಯೆ ಅದು. ಆವರಣ ಗೋಡೆ, ಗೇಟು, ಅಂಗಳದ ಎರಡು ಮೀಟರ್ ಜಾಗ ಮತ್ತು ಈ ಮರ ರಸ್ತೆಗೆ ಹೋಗಬೇಕಿತ್ತು. ಮಳೆಗಾಲ ಮುಗಿಯುವುದರೊಳಗೆ ಕೆಲಸ ನಮ್ಮ ಮನೆಯವರೆಗೆ ಬರುತ್ತದೆ ಎಂದು ಹೇಳಿದ್ದರು.

ನಾವು ಅಣ್ಣತಮ್ಮಂದಿರು ಪರಿಹಾರದ ಲೆಕ್ಕ ಹಾಕುತ್ತಾ ಕುಳಿತಿದ್ದೆವು. ಉಮ್ಮ ಆ ಮಾತಿಗೆ ಬರಲೇ ಇಲ್ಲ. ರಾತ್ರಿ ಊಟವಾದ ಮೇಲೆ ನನ್ನನ್ನು ಹತ್ತಿರ ಕರೆದು, "ಗೋಡೆ ಮತ್ತೆ ಕಟ್ಟಬಹುದು ಮಗಾ. ಆ ಮರದ್ದೊಂದು ಸಸಿ ಆಗುತ್ತದಾ ನೋಡು" ಎಂದರು.

ಉಮ್ಮನಿಗೆ ಆ ಮರ ಬರೀ ಮರವಲ್ಲ. 1973ರಲ್ಲಿ ಮದುವೆಯಾಗಿ ಈ ಮನೆಗೆ ಬಂದ ಮೊದಲ ಮಳೆಗಾಲದಲ್ಲಿ, ಪಾಣೆಮಂಗಳೂರಿನ ತವರು ಮನೆಯಿಂದ ಅವರ ಅಣ್ಣ ಡಾಲ್ಡಾ ಡಬ್ಬಿಯಲ್ಲಿ ಗಿಡವಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರಂತೆ. ಆ ಮಾವ ಈಗಿಲ್ಲ. ತವರಿನ ಹಳೆಯ ಮನೆಯೂ ಇಲ್ಲ. ಅಲ್ಲಿದ್ದ ಮೂಲ ಮರ ಹೊಸ ಮನೆ ಕಟ್ಟುವಾಗಲೇ ಹೋಯಿತು. ತವರಿನದ್ದೆಂದು ಉಮ್ಮನ ಬಳಿ ಉಳಿದಿದ್ದದ್ದು ಈ ಮರವೊಂದೇ.

ಬೀಜ ಬಿತ್ತೋಣವೆಂದರೆ ಬಿಳಿ ಸಂಪಿಗೆಯಲ್ಲಿ ಬೀಜ ಕಟ್ಟುವುದೇ ಅಪರೂಪ. ಕೆಂಡಸಂಪಿಗೆಗೂ ಅದರ ಇನ್ನೊಂದು ಬಳಗಕ್ಕೂ ಹುಟ್ಟಿದ ಮಿಶ್ರ ತಳಿ ಅದು. ವರ್ಷವಿಡೀ ಹೂ ಬಿಟ್ಟರೂ ಅದರ ಸಂತಾನ ಮುಂದುವರಿಯಬೇಕಾದರೆ ಮನುಷ್ಯನ ಕೈ ಬೇಕು. ನಮ್ಮೂರುಗಳಲ್ಲಿ ಕಾಣುವ ಬಿಳಿ ಸಂಪಿಗೆಗಳೆಲ್ಲ ಹೀಗೆ ಯಾರೋ ಒಬ್ಬರು ಇನ್ನೊಂದು ಮರದಿಂದ ತೆಗೆದು ತಂದವೇ.

ಉಮ್ಮ ನಾಲ್ಕು ಗೆಲ್ಲುಗಳನ್ನು ಕಡಿದು ಬಾವಿಕಟ್ಟೆಯ ಬಳಿ ಮರಳಿನಲ್ಲಿ ಊರಿ ದಿನಾ ನೀರು ಹಾಕಿದರು. ಹದಿನೈದು ದಿನಗಳಲ್ಲಿ ಎಲ್ಲವೂ ಒಣಗಿದವು. ನಾನು ಪುಸ್ತಕವೊಂದನ್ನು ಓದಿ, ಮಾರ್ಚ್‌ನಲ್ಲಿ ಎರಡು ಗೆಲ್ಲುಗಳಿಗೆ ಗೂಟಿ ಕಟ್ಟಿದೆ. ಮೇ ಮಧ್ಯದಲ್ಲಿ ಬಿಚ್ಚಿ ನೋಡಿದರೆ ಒಂದು ಬೇರೂ ಇಲ್ಲ. ತೆಗೆದ ಸಿಪ್ಪೆಯ ಜಾಗದಲ್ಲಿ ಹೊಸ ಸಿಪ್ಪೆ ಬೆಳೆದು, ಏನೂ ಆಗಿಲ್ಲವೆಂಬಂತೆ ಗೆಲ್ಲು ಹಸಿರಾಗಿ ನಿಂತಿತ್ತು. ಮದ್ರಸದಲ್ಲಿ ಕಲಿಸುವುದು, ಶಾಲೆಯಲ್ಲಿ ಪಾಠ ಮಾಡುವುದು ಗೊತ್ತಿತ್ತೇ ಹೊರತು ಈ ವಿದ್ಯೆ ನನ್ನ ಕೈಗೆ ಹತ್ತಿರಲಿಲ್ಲ.

ಹೈದರಲಿಯ ತೋಟದಲ್ಲಿ ಒಂದು ಬೆಳಗು

ಅದೇ ಮೇ ಕೊನೆಯಲ್ಲಿ ತಂಗಿಯ ಮಗನ ಕಾಲೇಜು ಸೇರ್ಪಡೆಗೆಂದು ಬೆಂಗಳೂರಿಗೆ ಹೋಗಬೇಕಾಯಿತು. ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿಯ ತಿರುವುಗಳಲ್ಲಿ ಅರೆನಿದ್ದೆ ಮಾಡಿ, ಬೆಳಕು ಹರಿಯುವಾಗ ಬೆಂಗಳೂರು ತಲುಪಿದೆವು. ಕಾಲೇಜಿನ ಕೆಲಸ ಹನ್ನೊಂದು ಗಂಟೆಗೆ. ನಡುವಿನ ಹೊತ್ತು ಕಳೆಯಲು ಅಳಿಯನನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋದೆ.

1760ರಲ್ಲಿ ಹೈದರಲಿ ಸುಮಾರು 40 ಎಕರೆಯಲ್ಲಿ ಆರಂಭಿಸಿದ ತೋಟ ಇದು. ಈಗ 240 ಎಕರೆ ಇದೆ. ಟಿಪ್ಪು ಸುಲ್ತಾನನಿಗೆ ತಂದೆಗಿಂತಲೂ ಹೆಚ್ಚಿನ ಗಿಡಗಳ ಹುಚ್ಚು. 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ತೋಟಗಾರರನ್ನೂ ಗಿಡಬೀಜಗಳನ್ನೂ ಕೇಳಿದ್ದರು. ಬ್ರಿಟಿಷರ ಕಾಲದಲ್ಲಿ, 1856ರಲ್ಲಿ, ಇದು ಸರಕಾರಿ ಸಸ್ಯೋದ್ಯಾನವಾಯಿತು. ನಾವು ಪಲ್ಯ ಮಾಡುವ ಸೀಮೆಬದನೆಯನ್ನು ಈ ಕಡೆಗೆ ತಂದವರು ಇಲ್ಲಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರೂನ್. ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. 1956ರಲ್ಲಿ ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ.

ಗಾಜಿನ ಮನೆಯ ಸುತ್ತ ನಡೆಯುವಾಗ ನನಗೆ ಬಂದ ಯೋಚನೆ ಒಂದೇ. ಇಷ್ಟು ದೂರದೂರದಿಂದ ಬಂದ ಮರಗಳನ್ನು ಇಲ್ಲಿ ಒಂದಕ್ಕೆ ಹತ್ತು ಮಾಡಿದವರು ಯಾರು? ದೊರೆಗಳ ಹೆಸರು ಕಲ್ಲಿನ ಮೇಲಿದೆ. ಚಾಕು ಹಿಡಿದು ಕೂತ ಮಾಲಿಗಳ ಹೆಸರು ಎಲ್ಲಿಯೂ ಇಲ್ಲ. ಕೆಲಸ ಮಾಡುತ್ತಿದ್ದ ಒಬ್ಬರಲ್ಲಿ ಗೂಟಿಯ ವಿಷಯ ಕೇಳಿದೆ. "ಅಶೋಕ ಸ್ತಂಭದಿಂದ ಸಿದ್ದಾಪುರದ ಕಡೆ ಹೋಗಿ ಸಾರ್. ಅಲ್ಲಿ ತಲೆತಲಾಂತರದಿಂದ ಮಾಡೋರಿದ್ದಾರೆ" ಎಂದರು.

"ಲೋಳೆ ತೆಗೆದಿಲ್ಲ ಮೇಷ್ಟ್ರೇ"

ಕಾಲೇಜಿನ ಕೆಲಸ ಮುಗಿಸಿ ಮಧ್ಯಾಹ್ನ ಸಿದ್ದಾಪುರಕ್ಕೆ ಹೋದೆವು. ಲಾಲ್‌ಬಾಗಿನ ಮಗ್ಗುಲಲ್ಲೇ ಇರುವ ಈ ಹಳೆಯ ಹಳ್ಳಿ ಈಗ ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ. ಆದರೂ ಮನೆಗಳ ನಡುವೆ ಇನ್ನೂ ನರ್ಸರಿಗಳಿವೆ. ಹೊರಗೆ ಆಟೋಗಳ ಗದ್ದಲ, ಒಳಗೆ ಕಾಲಿಟ್ಟರೆ ಒದ್ದೆ ಮಣ್ಣಿನ ವಾಸನೆ. ಒಂದು ನರ್ಸರಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೋಟು ಸ್ಟೂಲಿನ ಮೇಲೆ ಕೂತು ಕುಂಡಕ್ಕೆ ಮಣ್ಣು ತುಂಬುತ್ತಿದ್ದರು.

"ಬಿಳಿ ಸಂಪಿಗೇನಾ? ಅಲ್ಲಿದೆ ನೋಡಿ, ಚೆನ್ನಾಗಿರೋದೇ ಕೊಡ್ತೀನಿ, ತಗೊಂಡ್ಹೋಗಿ" ಎಂದರು.

ನನಗೆ ಗಿಡ ಬೇಡ, ನಮ್ಮ ಮರದ್ದೇ ಗಿಡ ಮಾಡಬೇಕು ಎಂದೆ. ಉಮ್ಮನ ವಿಷಯ, ಮರದ ಮೇಲಿನ ಕೆಂಪು ಸಂಖ್ಯೆ, ಸೋತ ಗೂಟಿ ಎಲ್ಲವನ್ನೂ ಹೇಳಿದೆ. ಅವರು ಕೈಯ ಮಣ್ಣು ಒರೆಸಿಕೊಂಡು ನನ್ನನ್ನೊಮ್ಮೆ ನೋಡಿದರು. "ಹಂಗಾದ್ರೆ ಕೂತ್ಕೊಳ್ಳಿ. ನಾನು ಮಾರೋ ಗಿಡ ಕಸಿದು. ಮೇಲಿರೋದು ಬಿಳಿ ಸಂಪಿಗೆ, ಬೇರು ಕೆಂಡಸಂಪಿಗೆದು. ಗೂಟಿ ಗಿಡ ಆದ್ರೆ ಬೇರಿಂದ ತುದಿವರ್ಗೂ ನಿಮ್ಮ ಮರಾನೇ. ನಿಮ್ಮ ತಾಯೋರು ಕೇಳಿದ್ದು ಸರಿಯಾಗೇ ಇದೆ."

ನಾನು ಫೋನಿನಲ್ಲಿದ್ದ ಗೆಲ್ಲಿನ ಚಿತ್ರ ತೋರಿಸಿದೆ. ನೋಡಿದ ಕೂಡಲೇ ನಕ್ಕರು. "ಸಿಪ್ಪೆ ತೆಗೆದಿದ್ದೀರಿ, ಲೋಳೆ ತೆಗೆದಿಲ್ಲ ಮೇಷ್ಟ್ರೇ."

ನಂತರ ಒಂದು ಕ್ರೋಟನ್ ಗಿಡದ ಮೇಲೆ ಮಾಡಿ ತೋರಿಸಿದರು. ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪದ ಕೊಂಬೆ. ತುದಿಯಿಂದ ಒಂದು ಮೊಳ ಕೆಳಗೆ, ಗೆಣ್ಣಿನ ಬುಡದಲ್ಲಿ ಚಾಕುವಿನಿಂದ ಸುತ್ತ ಒಂದು ಗೆರೆ. ಅದರಿಂದ ಒಂದು ಅಂಗುಲ ಬಿಟ್ಟು ಇನ್ನೊಂದು ಗೆರೆ. ಎರಡನ್ನೂ ಸೇರಿಸಿ ಉದ್ದಕ್ಕೊಂದು ಗೆರೆ. ಸಿಪ್ಪೆ ಬಳೆಯ ಹಾಗೆ ಕಳಚಿ ಬಂತು. ಒಳಗೆ ಬಿಳಿಯಾದ ಕಟ್ಟಿಗೆ ಜಾರುತ್ತಿತ್ತು. ಚಾಕುವಿನ ಬೆನ್ನಿನಿಂದ ಆ ಜಾರುವಿಕೆ ಹೋಗುವವರೆಗೂ ಕೆರೆದು, ಬಟ್ಟೆಯಲ್ಲಿ ಒರೆಸಿದರು. ಮೇಲಿನ ಗೆರೆಯ ಅಂಚಿಗೆ ಬೇರು ಬರಿಸುವ ಪುಡಿ ಸವರಿದರು. ಐಬಿಎ ಎಂಬ ಹೆಸರಿನಲ್ಲಿ ತೋಟದ ಅಂಗಡಿಗಳಲ್ಲಿ ಸಿಗುವ ಪುಡಿ ಅದು. ನೆನೆಸಿಟ್ಟ ಪಾಚಿಯನ್ನು ಹಿಂಡಿ ಗಾಯದ ಸುತ್ತ ಉಂಡೆ ಕಟ್ಟಿದರು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡೂ ತುದಿಗೆ ದಾರ ಬಿಗಿದರು. ಎಲ್ಲ ಸೇರಿ ಐದು ನಿಮಿಷವೂ ಆಗಲಿಲ್ಲ.

ಲೋಳೆಯ ಗುಟ್ಟು ಆಗ ನನಗೆ ಅರ್ಥವಾಯಿತು. ಮರದಲ್ಲಿ ನೀರು ಒಳಗಿನ ಕಟ್ಟಿಗೆಯ ಮೂಲಕ ಮೇಲೇರುತ್ತದೆ. ಎಲೆಗಳು ತಯಾರಿಸಿದ ಆಹಾರ ಸಿಪ್ಪೆಯ ಮೂಲಕ ಕೆಳಗಿಳಿಯುತ್ತದೆ. ಸಿಪ್ಪೆಯ ಬಳೆ ತೆಗೆದರೆ ಆಹಾರವೂ ಬೇರು ಹುಟ್ಟಿಸುವ ಚೋದಕವೂ ಕೆಳಗೆ ಹೋಗಲಾರದೆ ಗಾಯದ ಮೇಲಂಚಿನಲ್ಲಿ ನಿಲ್ಲುತ್ತವೆ. ಅಲ್ಲಿ ತೇವ, ಗಾಳಿ, ಕತ್ತಲು ಸಿಕ್ಕಿದರೆ ಬೇರು ಒಡೆಯುತ್ತದೆ. ಆ ಲೋಳೆ ಹೊಸ ಸಿಪ್ಪೆ ಹುಟ್ಟಿಸುವ ಪದರ. ಅದನ್ನು ಬಿಟ್ಟರೆ ಮರ ಗಾಯವನ್ನು ಮುಚ್ಚಿ ಹಳೆಯ ದಾರಿಯನ್ನೇ ಮತ್ತೆ ತೆರೆಯುತ್ತದೆ. ನನ್ನ ಗೂಟಿಗಳಿಗೆ ಆದದ್ದು ಅದೇ.

"ನಮ್ಮ ತಾಯಿ ಗೆಲ್ಲು ಕಡಿದು ನೆಟ್ಟರು, ಒಣಗಿತು" ಎಂದೆ.

"ಅದು ಮೊದಲು ಕಡಿದು ಆಮೇಲೆ ಬೇರು ಬಿಡು ಅಂದಂಗಾಯ್ತು. ನೀರು ಎಲ್ಲಿಂದ ಬರ್ಬೇಕು ಅದಕ್ಕೆ? ಗೂಟೀಲಿ ಹಂಗಲ್ಲ. ಬೇರು ಬರೋವರ್ಗೂ ತಾಯಿ ನೀರು ಕೊಡ್ತಾನೇ ಇರ್ತಾಳೆ. ಅರ್ಜೆಂಟ್ ಮಾಡ್ಬೇಡಿ. ಬೇರು ಬಿಳಿ ಇದ್ದಾಗ ಕತ್ತರಿಸ್ಬೇಡಿ, ಕಂದು ಬಣ್ಣಕ್ಕೆ ತಿರುಗ್ಲಿ."

ಹೀಗೆ ಮಾಡಬೇಕಾದ ಮರಗಳು ಇನ್ನೂ ಇವೆ. ಬರ್ಮಾದ ಆಮ್‌ಹರ್ಸ್ಟಿಯಾ ಅವುಗಳಲ್ಲೊಂದು. ಕೆಂಪು ಹೂಗೊಂಚಲುಗಳು ದೀಪದ ಹಾಗೆ ಕೆಳಗೆ ತೂಗುವ ಅದನ್ನು ಹೂಮರಗಳ ರಾಣಿ ಎನ್ನುತ್ತಾರೆ. 1827ರಲ್ಲಿ ಸಸ್ಯವಿಜ್ಞಾನಿ ವಾಲಿಚ್ ಅದನ್ನು ಕಂಡದ್ದು ಸಾಲ್ವೀನ್ ನದಿಯ ಕಡೆ, ಪಾಳುಬಿದ್ದ ಒಂದು ಬೌದ್ಧ ವಿಹಾರದ ತೋಟದಲ್ಲಿ. ಅದೂ ಬೀಜ ಕಟ್ಟುವುದು ಬಹಳ ಕಡಿಮೆ. ತೋಟದಿಂದ ತೋಟಕ್ಕೆ ಅದು ಹೆಚ್ಚಾಗಿ ಲೇಯರಿಂಗ್ ಮೂಲಕವೇ ಹಬ್ಬಿತು. ಚೀನಾದವರು ಲಿಚ್ಚಿ ಮರಕ್ಕೆ ಶತಮಾನಗಳಿಂದ ಗೂಟಿ ಕಟ್ಟುತ್ತಾ ಬಂದಿದ್ದಾರೆ. ಪ್ಲಾಸ್ಟಿಕ್ ಹಾಳೆ ಬರುವ ಮೊದಲು ಮಣ್ಣು ಮೆತ್ತಿ, ಗೋಣಿ ಸುತ್ತಿ, ದಿನಾ ನೀರು ಚಿಮುಕಿಸಬೇಕಾಗಿತ್ತು. ನನ್ನ ಮಾವ ತೆಂಗಿನ ಸಿಪ್ಪೆಯನ್ನು ಎರಡು ಭಾಗ ಮಾಡಿ ಗೆಲ್ಲಿಗೆ ಕಟ್ಟುತ್ತಿದ್ದರೆಂದು ಉಮ್ಮ ಹೇಳಿದ್ದು ನೆನಪಾಯಿತು.

ಹಿರಿಯರು ಒಂದು ಹಿಡಿ ಪಾಚಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅಳಿಯ ಹಾಸ್ಟೆಲ್ ಕೋಣೆಗೆಂದು ಒಂದು ಮನಿಪ್ಲಾಂಟ್ ಕೊಂಡ. ಅದಕ್ಕೆ ಮಾತ್ರ ದುಡ್ಡು ತೆಗೆದುಕೊಂಡರು.

ಊರಿಗೆ ಮರಳುವ ಬಸ್ಸಿನಲ್ಲಿ ಒಂದು ಅರಬಿ ಪದ ನೆನಪಾಯಿತು. ಗೂಟಿಗೆ ಅರಬಿಯಲ್ಲಿ 'ತರ್ಖೀದ್ ಹವಾಯೀ' ಎನ್ನುತ್ತಾರೆ. ತರ್ಖೀದ್ ಎಂದರೆ ಮಲಗಿಸುವುದು. ಗೆಲ್ಲನ್ನು ನೆಲಕ್ಕೆ ಬಾಗಿಸಿ ಮಣ್ಣು ಹೊದಿಸಿ ಬೇರು ಬರಿಸುವ ಹಳೆಯ ಕ್ರಮದಿಂದ ಬಂದ ಹೆಸರು. ಗೂಟಿಯಲ್ಲಿ ಅದು ಗಾಳಿಯಲ್ಲೇ ಮಲಗುತ್ತದೆ. ಹನ್ನೆರಡನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಸೆವಿಲ್‌ನಲ್ಲಿದ್ದ ಇಬ್ನುಲ್ ಅವ್ವಾಮ್ ಕೃಷಿಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದು, ಗಿಡಗಳನ್ನು ಹೆಚ್ಚಿಸುವ ಕ್ರಮಗಳನ್ನು ವಿವರಿಸಿದ್ದಾರೆ. ಭಾಷೆ ಕಲಿಯುವಾಗ ಈ ಪದಗಳನ್ನು ಬಾಯಿಪಾಠ ಮಾಡಿದ್ದ ನನಗೆ ಅದರ ಅರ್ಥ ಕೈಗೆ ತಾಗಿದ್ದು ಸಿದ್ದಾಪುರದ ಆ ಮೋಟು ಸ್ಟೂಲಿನ ಬಳಿ.

ಐದರಲ್ಲಿ ಎರಡು

ಜೂನ್ ಮೊದಲ ವಾರ ಮಳೆ ಹಿಡಿಯಿತು. ಗೂಟಿಗೆ ಅದೇ ಸರಿಯಾದ ಕಾಲ. ಸಿಪ್ಪೆ ಸುಲಭವಾಗಿ ಬಿಡುತ್ತದೆ, ಗಾಳಿಯಲ್ಲಿ ತೇವವಿರುತ್ತದೆ. ಏಣಿ ಇಟ್ಟು ಐದು ಗೆಲ್ಲುಗಳಿಗೆ ಕಟ್ಟಿದೆ. ಪಾಚಿ ಎರಡಕ್ಕೆ ಸಾಕಾಯಿತು. ಉಳಿದವಕ್ಕೆ ತೊಳೆದು ಹಿಂಡಿದ ತೆಂಗಿನ ನಾರಿನ ಹುಡಿ ಬಳಸಿದೆ. ಉಮ್ಮ ಕೆಳಗೆ ಕೊಡೆ ಹಿಡಿದು ನಿಂತು, "ಲೋಳೆ ಹೋಯಿತಾ?" ಎಂದು ಐದು ಸಲವೂ ಕೇಳಿದರು.

ಜುಲೈಯ ಗಾಳಿಗೆ ಒಂದು ಗೆಲ್ಲು ಗಾಯದ ಜಾಗದಲ್ಲೇ ಮುರಿದು ಬಿತ್ತು. ಇನ್ನೊಂದರ ಮೇಲಿನ ಕಟ್ಟು ಸಡಿಲವಾಗಿ ಮಳೆನೀರು ಒಳಗಿಳಿದು ಕೊಳೆಯಿತು. ಮೂರನೆಯದರಲ್ಲಿ ಅಂಚು ಗಂಟಿನಂತೆ ಊದಿಕೊಂಡಿತೇ ಹೊರತು ಬೇರು ಬರಲಿಲ್ಲ. ಆಗಸ್ಟ್ ಮಧ್ಯದಲ್ಲಿ ನಾಲ್ಕನೆಯದರ ಪ್ಲಾಸ್ಟಿಕ್‌ನೊಳಗೆ ಬಿಳಿಯ ಒಂದು ಎಳೆ ಕಂಡಿತು. ಮರುವಾರ ಐದನೆಯದರಲ್ಲೂ. ಉಮ್ಮನಿಗೆ ಮೊಣಕಾಲು ನೋವು, ಏಣಿ ಹತ್ತಲಾಗದು. ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ತೋರಿಸಿದೆ.

ಆಗಸ್ಟ್ ಕೊನೆಯಲ್ಲಿ ರಸ್ತೆಯ ಕೆಲಸದವರು ಬಂದರು. ಬೇರುಗಳಿನ್ನೂ ಬಿಳಿಯೇ. ಈಗ ಕತ್ತರಿಸಿದರೆ ಮಣ್ಣಿಗಿಡುವಾಗಲೇ ಮುರಿದುಹೋಗುತ್ತವೆ. ಮೇಲ್ವಿಚಾರಕ ಉತ್ತರ ಕರ್ನಾಟಕದ ಕಡೆಯ ಯುವಕ. ಅವನಿಗೆ ಏಣಿ ಹತ್ತಿಸಿ ಆ ಎರಡು ಉಂಡೆಗಳನ್ನು ತೋರಿಸಿದೆ. ಇಳಿದು ಬಂದು ಉಮ್ಮನ ಮುಖ ನೋಡಿದ. "ಆತ್ರೀ ಅಮ್ಮಾ, ನಾ ಆ ಕಡೆಯಿಂದ ಕೆಲಸ ಹಿಡಿತೀನಿ. ಹದಿನೈದ್ ದಿನಾ ಬಿಟ್ಟು ಇಲ್ಲಿಗೆ ಬರ್ತೀನ್ರೀ" ಎಂದ. ಹೇಳಿದ ಮಾತಿಗೆ ತಪ್ಪಲಿಲ್ಲ.

ಮೊದಲ ವಾರ ಉಂಡೆಯ ಕೆಳಗೆ ಗೆಲ್ಲನ್ನು ಅರ್ಧ ಮಾತ್ರ ಕಚ್ಚು ಹಾಕಿಟ್ಟೆ, ತಾಯಿ ಮರದ ನೀರು ಸ್ವಲ್ಪ ಸ್ವಲ್ಪ ಕಡಿಮೆಯಾಗಲಿ ಎಂದು. ಸೆಪ್ಟೆಂಬರ್ ಎರಡನೇ ವಾರ ಪೂರ್ತಿ ಕತ್ತರಿಸಿ, ಪ್ಲಾಸ್ಟಿಕ್ ಬಿಚ್ಚಿ, ಉಂಡೆ ಒಡೆಯದಂತೆ ಕುಂಡಕ್ಕಿಟ್ಟೆ. ಅರ್ಧದಷ್ಟು ಎಲೆ ತೆಗೆದು ಹಲಸಿನ ಮರದ ನೆರಳಿನಲ್ಲಿ ಇರಿಸಿದೆ. ಮೂರು ದಿನ ಕಳೆದು ಯಂತ್ರ ಬಂತು. ಅರ್ಧ ಗಂಟೆಯಲ್ಲಿ ಮರ ಹೋಯಿತು. ಉಮ್ಮ ಹೊರಗೆ ಬರಲಿಲ್ಲ. ಸಂಜೆ ಕುಂಡಗಳ ಬಳಿ ಹೋಗಿ ಬಹಳ ಹೊತ್ತು ಕೂತಿದ್ದರು.

ನೀವೂ ಮಾಡಬಹುದು

ನಿಮ್ಮ ಅಂಗಳದಲ್ಲೂ ಕಳೆದುಕೊಳ್ಳಲು ಮನಸ್ಸಿಲ್ಲದ ಒಂದು ಮರವಿರಬಹುದು. ಗೂಟಿ ಕಲಿಯುವುದಾದರೆ ಮೊದಲು ದಾಸವಾಳ, ಕ್ರೋಟನ್, ಮುಸ್ಸೆಂಡ, ರಬ್ಬರ್ ಗಿಡದಂತಹ ಸುಲಭದವುಗಳಿಂದ ಆರಂಭಿಸಿ. ರಬ್ಬರ್ ಗಿಡದ ಹಾಲನ್ನು ಒರೆಸಿ ಕಟ್ಟಬೇಕು. ಇವು ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಬೇರು ಬಿಡುತ್ತವೆ. ಸಂಪಿಗೆಗೆ ಎರಡು ಮೂರು ತಿಂಗಳ ತಾಳ್ಮೆ ಬೇಕು. ತೆಂಗು, ಅಡಿಕೆ, ತಾಳೆಯ ಜಾತಿಗೆ ಇದು ಆಗದು. ಅವುಗಳಲ್ಲಿ ಬಳೆಯಂತೆ ಬಿಡಿಸಬಹುದಾದ ಸಿಪ್ಪೆಯೇ ಇಲ್ಲ.

ಹುಡಿ ಅಥವಾ ಪಾಚಿಯನ್ನು ಹಿಂಡಿದಾಗ ನೀರು ತೊಟ್ಟಿಕ್ಕಬಾರದು. ಒದ್ದೆ ಹೆಚ್ಚಾದರೆ ಕೊಳೆಯುತ್ತದೆ. ಮೇಲಿನ ಕಟ್ಟು ಕೆಳಗಿನದ್ದಕ್ಕಿಂತ ಬಿಗಿಯಾಗಿರಲಿ. ಒಂದು ಬೇಕಾದರೆ ನಾಲ್ಕೈದು ಕಟ್ಟಿ. ಗೂಟಿ ಗಿಡ ಬೀಜದ ಗಿಡಕ್ಕಿಂತ ಬೇಗ ಹೂ ಬಿಡುತ್ತದೆ. ಆದರೆ ಅದಕ್ಕೆ ತಾಯಿಬೇರಿಲ್ಲ. ಆದ್ದರಿಂದ ಮೊದಲ ಕೆಲವು ವರ್ಷ ಊರುಗೋಲು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮರ ಕಡಿಯುವ ನೋಟೀಸು ಬರುವವರೆಗೆ ಕಾಯಬೇಡಿ. ನಮಗೆ ಹದಿನೈದು ದಿನ ಕೊಡುವ ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಿದ. ಎಲ್ಲರಿಗೂ ಸಿಗಬೇಕೆಂದಿಲ್ಲ.

ಮತ್ತೆ ಪಾಣೆಮಂಗಳೂರಿಗೆ

ಈ ವರ್ಷ ಜೂನ್‌ನಲ್ಲಿ ಒಂದು ಗಿಡವನ್ನು ಬಾವಿಕಟ್ಟೆಯ ಹಿಂದೆ, ಯಾವ ರಸ್ತೆಯೂ ಬರಲಾರದ ಜಾಗದಲ್ಲಿ ನೆಟ್ಟೆವು. ಇನ್ನೊಂದನ್ನು ಏನು ಮಾಡುವುದೆಂದು ಕೇಳಿದಾಗ ಉಮ್ಮ, "ಕಾರಿನಲ್ಲಿಡು. ಬಂದಲ್ಲಿಗೆ ಹೋಗಲಿ" ಎಂದರು.

ಮಳೆ ಬಿಟ್ಟ ಒಂದು ಭಾನುವಾರ ಪಾಣೆಮಂಗಳೂರಿಗೆ ಹೊರಟೆವು. ಉಮ್ಮ ಹಿಂದಿನ ಸೀಟಿನಲ್ಲಿ ಕುಂಡವನ್ನು ಕಾಲುಗಳ ನಡುವೆ ಹಿಡಿದು ಕುಳಿತಿದ್ದರು. ನೇತ್ರಾವತಿ ಕೆಂಪಾಗಿ, ದಡ ತುಂಬಿ ಹರಿಯುತ್ತಿತ್ತು. ಮಾವನ ಮಗನ ಮನೆ ಹೊಸದು, ದೊಡ್ಡದು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದ್ದಾರೆ. ಗಿಡ ನೆಡಲು ಒಂದು ಅಂಗೈ ಅಗಲ ಮಣ್ಣಿರಲಿಲ್ಲ. ಕುಂಡದಲ್ಲೇ ಇಡೋಣವೆಂದು ಅವರ ಮನೆಯವರು ಹೇಳಿದರು. ಉಮ್ಮ ಮಾತಾಡದೆ ಅಂಗಳದ ಒಂದು ಮೂಲೆಗೆ ಹೋಗಿ ನಿಂತರು. ಹಳೆಯ ಮರವಿದ್ದದ್ದು ಅಲ್ಲಿಯಂತೆ.

ಮಾವನ ಮಗ ಒಳಗೆ ಹೋಗಿ ಹಾರೆ ತಂದ. ನಾಲ್ಕು ಕಲ್ಲುಗಳನ್ನು ಎಬ್ಬಿಸಿದೆವು. ಜಲ್ಲಿಹುಡಿಯನ್ನು ತೋಡಿ ತೆಗೆದಾಗ ಅಡಿಯಲ್ಲಿ ಕೆಂಪು ಮಣ್ಣು ಸಿಕ್ಕಿತು. ಗಿಡ ಇಟ್ಟು, ಮಣ್ಣು ತುಂಬಿ, ಅವನ ಸಣ್ಣ ಮಗಳಿಂದ ಕೋಲು ಕಟ್ಟಿಸಿದೆವು. ಉಮ್ಮ ಬಗ್ಗಿ ಕೈಯಿಂದ ಮಣ್ಣು ಒತ್ತಿದರು. ಏಳುವಾಗ ಆ ಮಗು ಅವರಿಗೆ ಕೈ ಕೊಟ್ಟಿತು.

ಮರಳುವಾಗ ಸೇತುವೆ ದಾಟುವವರೆಗೂ ಉಮ್ಮ ಏನೂ ಹೇಳಲಿಲ್ಲ. ಆಮೇಲೆ ಕಿಟಕಿಯ ಕಡೆಯೇ ನೋಡುತ್ತಾ, "ನಾಲ್ಕು ಕಲ್ಲು ಸಾಲದು ಮಗಾ. ಮರ ದೊಡ್ಡದಾಗುತ್ತದೆ. ಇನ್ನೆರಡು ತೆಗೆಯಲು ಅವನಿಗೆ ಫೋನ್ ಮಾಡು" ಎಂದರು.